ಓದುಗರ ಪ್ರಶ್ನೆ: ಮಗು ನಿಂತಿರುವ ಮೆಟ್ಟಿಲು ಯಾವುದು?

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಐದನೇ ತರಗತಿಯ ಟೀಚರ್. ಇಬ್ಬರು ಮಕ್ಕಳಿಗೆ ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಇದೆ. ವಿಶೇಷ ಶಿಕ್ಷಕಿ ವಾರಕ್ಕೆ ಎರಡು ದಿನ ಬರುತ್ತಾರೆ, ಆದರೆ ಅವರ ಪಾಠಕ್ಕೂ ನನ್ನ ಪಾಠಕ್ಕೂ ತಾಳಮೇಳವಿಲ್ಲ. ಪಠ್ಯಕ್ರಮದ ನಕ್ಷೆ ಮಾಡಿ ಎನ್ನುತ್ತಾರೆ. ಹೇಗೆ ಮಾಡುವುದು? ಇಬ್ಬರಿಗೂ ಎರಡನೇ ತರಗತಿಯ ಪುಸ್ತಕ ಕೊಟ್ಟರೆ ಸಾಲದೇ? (ಘಾಟ್ಕೋಪರ್)

ಉತ್ತರ: ಸಾಲದು. ಎರಡನೇ ತರಗತಿಯ ಪುಸ್ತಕ ಕೈಗೆ ಬಂದ ದಿನವೇ ಆ ಮಕ್ಕಳು ನಿಮ್ಮ ತರಗತಿಯಿಂದ ಹೊರಗೆ ಹೋದಂತೆ, ಕೂತಿರುವುದು ಅದೇ ಬೆಂಚಿನ ಮೇಲಾದರೂ. ಪಾಠ ಎಲ್ಲರಿಗೂ ಒಂದೇ ಇರಲಿ, ಮೆಟ್ಟಿಲು ಮಾತ್ರ ಬೇರೆ ಇರಲಿ. ಆ ಮೆಟ್ಟಿಲನ್ನು ಕಾಣಿಸುವುದಕ್ಕೇ ನಕ್ಷೆ ಬೇಕು.

ದೊಡ್ಡ ಹಾಳೆಯೊಂದನ್ನು ಅಡ್ಡಡ್ಡ ಇಟ್ಟು ಜೂನ್‌ನಿಂದ ಏಪ್ರಿಲ್‌ವರೆಗಿನ ತಿಂಗಳುಗಳನ್ನು ಎಡಗಡೆ ಬರೆಯಿರಿ. ನಾಲ್ಕು ಕಲಂ ಸಾಕು: ಪಾಠ, ಅದರಿಂದ ಮಗು ಏನು ಮಾಡಲು ಕಲಿಯಬೇಕು, ಕಲಿತದ್ದನ್ನು ಹೇಗೆ ನೋಡುತ್ತೀರಿ, ಅದಕ್ಕೆ ಬೇಕಾದ ಹಿಂದಿನ ಮೆಟ್ಟಿಲುಗಳು. ಬಾಲಭಾರತಿ (ಮಹಾರಾಷ್ಟ್ರ ಸರ್ಕಾರದ ಪಠ್ಯಪುಸ್ತಕ ಸಂಸ್ಥೆ) ಪುಸ್ತಕದ ಪರಿವಿಡಿಯನ್ನು ಮೊದಲ ಕಲಂಗೆ ನಕಲು ಮಾಡಿ ಕೈತೊಳೆದುಕೊಳ್ಳುವವರೇ ಹೆಚ್ಚು. ಅದರಿಂದ ಸಿಗುವುದು ವೇಳಾಪಟ್ಟಿ. ಎರಡನೇ ಕಲಂನಲ್ಲಿ 'ಭಿನ್ನರಾಶಿ' ಎಂದಲ್ಲ, 'ಛೇದ ಒಂದೇ ಇರುವ ಎರಡು ಭಿನ್ನರಾಶಿಗಳನ್ನು ಕೂಡಿಸುತ್ತಾಳೆ' ಎಂದು ಬರೆಯಿರಿ. ಒಂದು ವಿಷಯಕ್ಕೆ ಒಂದು ಸತ್ರದಲ್ಲಿ (ಅರ್ಧ ವರ್ಷದಲ್ಲಿ) ಇಂಥ ಆರೆಂಟು ಮುಖ್ಯ ಸಾಲುಗಳು ಸಾಕು.

ಹೆಚ್ಚು ಹೊತ್ತು ಬೇಡುವುದು ನಾಲ್ಕನೆಯ ಕಲಂ. ಮಗು 1/4 + 2/4 = 3/8 ಎಂದು ಬರೆದಿದೆ ಎನ್ನೋಣ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಕೂಡಿಸುವುದು ಅದಕ್ಕೆ ಗೊತ್ತು. 1/4 ಎಂದರೆ ನಾಲ್ಕು ಸಮಭಾಗಗಳಲ್ಲಿ ಒಂದು ಎನ್ನುವುದೇ ಕೂತಿಲ್ಲ. ಅಂದರೆ ಇಳಿಯಬೇಕಾದದ್ದು ಒಂದೆರಡು ಮೆಟ್ಟಿಲು, ಮೂರು ತರಗತಿಯಲ್ಲ. 24 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಕತ್ತರಿಸಿ ಕೊಡಿ. ನಾಲ್ಕಾಗಿ ಮಡಿಸಿದರೆ ಒಂದು ಭಾಗ 6 ಸೆಂಟಿಮೀಟರ್, ಎಂಟಾಗಿ ಮಡಿಸಿದರೆ 3. ನಾಲ್ಕರ ಪಟ್ಟಿಯಲ್ಲಿ ಒಂದು ಭಾಗಕ್ಕೂ ಮತ್ತೆರಡು ಭಾಗಕ್ಕೂ ಬಣ್ಣ ಹಚ್ಚಿಸಿ, 3/8 ಬಣ್ಣ ಹಚ್ಚಿದ ಎಂಟರ ಪಟ್ಟಿಯ ಪಕ್ಕ ಇಡಿ. ಒಂದು 18 ಸೆಂಟಿಮೀಟರ್, ಇನ್ನೊಂದು 9. ತಪ್ಪು ಮಗುವಿನ ಕಣ್ಣಿಗೇ ಬೀಳುತ್ತದೆ. ಉಳಿದವರು ಲೆಕ್ಕ ಮಾಡುವಾಗ ಈ ಮಗು ಪಟ್ಟಿ ಇಟ್ಟುಕೊಂಡು ಅದೇ ಲೆಕ್ಕ ಮಾಡಲಿ. ಐದರಲ್ಲಿ ನಾಲ್ಕು ಸರಿ ಬಂದು, ವಾರ ಬಿಟ್ಟು ಕೇಳಿದಾಗಲೂ ನಾಲ್ಕು ಬಂದರೆ ಆ ಸಾಲಿಗೆ ಗುರುತು ಹಾಕಿ. ಒಂದೇ ದಿನದ ಉತ್ತರವನ್ನು ನಂಬಬೇಡಿ, ಅದು ನೆನಪಿನ ಬಲವೂ ಇರಬಹುದು.

ಇನ್ನು ತಾಳಮೇಳದ ಮಾತು. ನಕ್ಷೆಯ ಒಂದು ಪ್ರತಿ ವಿಶೇಷ ಶಿಕ್ಷಕಿಯ ಕೈಯಲ್ಲಿರಲಿ. ವೈಯಕ್ತಿಕ ಶಿಕ್ಷಣ ಯೋಜನೆಯ (ಆ ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆ) ಗುರಿಗಳನ್ನು ಅವರು ಆ ನಾಲ್ಕನೇ ಕಲಂನಿಂದಲೇ ಎತ್ತಿಕೊಳ್ಳಲಿ. ಮುಂದಿನ ವಾರದ ವಿಜ್ಞಾನ ಪಾಠದಲ್ಲಿ ಬರುವ ಐದಾರು ಹೊಸ ಪದಗಳನ್ನು ಅವರು ಈ ವಾರವೇ ಓದಿಸಿಟ್ಟರೆ, ನಿಮ್ಮ ಪಾಠದ ದಿನ ಆ ಮಗು ಕೈ ಎತ್ತುತ್ತದೆ. ಪಾಠ ಮುಗಿದ ಮೇಲೆ ತಿದ್ದುವುದಕ್ಕಿಂತ ಇದು ಎಷ್ಟೋ ಮೇಲು. ಮಗುವನ್ನು ಪ್ರತಿ ವಾರ ಒಂದೇ ಪಿರಿಯಡ್‌ನಲ್ಲಿ ಹೊರಗೆ ಕರೆದೊಯ್ಯುತ್ತಿದ್ದರೆ ಆ ವಿಷಯ ವರ್ಷವಿಡೀ ಹೋಯಿತು. ತಿಂಗಳಿಗೊಮ್ಮೆ ಪಿರಿಯಡ್ ಬದಲಿಸಿ.

ಜೂನ್‌ನಲ್ಲಿ ಪೆನ್ಸಿಲಿನಲ್ಲಿ ಬರೆದದ್ದರ ಪಕ್ಕದಲ್ಲೇ, ಪ್ರತಿ ತಿಂಗಳ ಕೊನೆಗೆ ನಿಜವಾಗಿ ಆದದ್ದನ್ನು ಪೆನ್ನಿನಲ್ಲಿ ಬರೆಯಿರಿ. ಮಳೆ ರಜೆ, ಗಣಪತಿ, ದೀಪಾವಳಿ ಎಂದು ಪಾಠ ಹಿಂದೆ ಬೀಳುತ್ತದೆ. ಪೆನ್ಸಿಲನ್ನೇ ನಂಬಿದರೆ ವಿಶೇಷ ಶಿಕ್ಷಕಿ ಎರಡು ಪಾಠ ಮುಂದೆ ಓಡಿರುತ್ತಾರೆ.

ಪ್ರಶ್ನೆ: ಮಗಳು ಏಳನೆಯಲ್ಲಿದ್ದಾಳೆ, ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇದೆ. ಗಣಿತದ ಅರ್ಧ ಪುಸ್ತಕ ಕಲಿತರೆ ಸಾಕು ಎಂದು ಶಾಲೆಯವರು ಹೇಳುತ್ತಿದ್ದಾರೆ. ಒಪ್ಪಬಹುದೇ? (ಪುಣೆ)

ಉತ್ತರ: ಯಾವ ಅರ್ಧ ಎಂದು ಕೇಳದೆ ಒಪ್ಪಬೇಡಿ. ಪೂರ್ಣಾಂಕಗಳ (ಋಣ ಸಂಖ್ಯೆಗಳೂ ಸೇರಿದ) ಪಾಠವನ್ನು ಕೈಬಿಟ್ಟರೆ, 'ಒಂದು ಸಂಖ್ಯೆಗೆ 7 ಕೂಡಿಸಿದರೆ 3 ಬರುತ್ತದೆ, ಆ ಸಂಖ್ಯೆ ಯಾವುದು' ಎನ್ನುವಲ್ಲೇ ಅವಳು ನಿಂತುಬಿಡುತ್ತಾಳೆ, ಆಮೇಲೆ ಬೀಜಗಣಿತ ಮುಂದೆ ಸಾಗುವುದಿಲ್ಲ. ಏಳನೆಯ ಯಾವ ಅಧ್ಯಾಯ ಎಂಟು, ಒಂಬತ್ತು, ಹತ್ತರ ಯಾವ ಅಧ್ಯಾಯಕ್ಕೆ ಬೇಕು ಎಂದು ಗೆರೆ ಎಳೆದು ತೋರಿಸಲು ಹೇಳಿ. ಅಧ್ಯಾಯ ಬಿಡಿಸುವ ಬದಲು ಅಭ್ಯಾಸದ 20 ಲೆಕ್ಕಗಳಲ್ಲಿ ಬಗೆಗೆ ಒಂದರಂತೆ ಆರು ಆರಿಸಿ ಕೊಡಲಿ, ಶಾಬ್ದಿಕ ಲೆಕ್ಕಗಳನ್ನು ಓದಿ ಹೇಳಲಿ, ಚೌಕುಳಿ ಹಾಳೆ ಕೊಡಲಿ, ಸಮಯ ಹೆಚ್ಚಿಸಲಿ. ಇವುಗಳಿಂದ ದಾರಿ ಬದಲಾಗುತ್ತದೆ, ಮುಟ್ಟುವ ಜಾಗ ಬದಲಾಗುವುದಿಲ್ಲ. ಪಾಠವನ್ನೇ ಕಡಿಮೆ ಮಾಡಿದರೆ ಮುಟ್ಟುವ ಜಾಗವೇ ಬದಲಾಗುತ್ತದೆ. ಅಂಥ ತೀರ್ಮಾನ ನಿಮ್ಮೊಡನೆ ಕೂತು, ಬರಹದಲ್ಲಿ ಆಗಬೇಕು. ಡಿಸ್ಲೆಕ್ಸಿಯಾ ಸೇರಿದಂತೆ ನಿರ್ದಿಷ್ಟ ಕಲಿಕಾ ನ್ಯೂನತೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗೆ ಬರುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಅದರ 17ನೇ ಕಲಮು ಹೆಸರಿಸಿಯೇ ಹೇಳುತ್ತದೆ.

ಪ್ರಶ್ನೆ: ಮಗ ನಾಲ್ಕನೆಯಲ್ಲಿದ್ದಾನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್. ಓದುವಾಗ ತಡವರಿಸುತ್ತಾನೆ. ಭಾಷೆ ಹೆಚ್ಚಾಯಿತೇ, ಅಥವಾ ನ್ಯೂನತೆಯೇ? (ಡೊಂಬಿವಲಿ)

ಉತ್ತರ: ಮೊದಲು ಒಂದು ಪುಟ್ಟ ಕತೆಯನ್ನು ತುಳುವಿನಲ್ಲಿ ಹೇಳಿ, ನಾಲ್ಕು ಪ್ರಶ್ನೆ ಕೇಳಿ. ಆಮೇಲೆ ಅಷ್ಟೇ ಸರಳವಾದ ಇನ್ನೊಂದನ್ನು ಕನ್ನಡದಲ್ಲಿ ಓದಿ ಹೇಳಿ. ತುಳುವಿನಲ್ಲಿ ಎಲ್ಲ ಹೇಳಿ ಕನ್ನಡದಲ್ಲಿ ತಬ್ಬಿಬ್ಬಾದರೆ ಕೊರತೆ ಪದಗಳದ್ದು. 'ಭಾರತ'ವನ್ನು 'ಬಾರತ' ಎಂದು ಬರೆಯುವುದೂ ಮಾತಿನ ರೂಢಿಯಿಂದ ಬಂದದ್ದಿರಬಹುದು, ಅದಕ್ಕೆ ಗಾಬರಿ ಬೇಡ. ಆದರೆ ಕೇಳಿದರೆ ಅರ್ಥವಾಗಿ, ಓದುವಾಗ ಮಾತ್ರ 'ಹತ್ತಿ' 'ಹತಿ'ಯಾಗಿ, ತಿಂಗಳುಗಟ್ಟಲೆ ತಿದ್ದಿದರೂ ಒತ್ತಕ್ಷರ ಜಾರುತ್ತಿದ್ದರೆ, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಅದೇ ಎಡವಟ್ಟು ಕಂಡರೆ, ತಡಮಾಡದೆ ಪರೀಕ್ಷೆ ಮಾಡಿಸಿ. ಮುಂಬಯಿಯ ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಹೋಗುವಾಗ ಮೂರೂ ಭಾಷೆಗಳ ನೋಟ್‌ಬುಕ್ ಒಯ್ಯಿರಿ, ಮನೆ ಮಾತು ತುಳು ಎಂದು ಮೊದಲೇ ತಿಳಿಸಿ.