ಇಮ್ಯಾಕ್ಯುಲೇಟಾ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆಗಬಹುದೇ?

ಅಮೆರಿಕದ ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಏಕೆ ಹಿಂದೆ ಬಿತ್ತು, ಮತ್ತೆ ಮೇಲೇಳುವುದೇ ಎಂದು ಕೇಳಿದ್ದೀರಿ. ನನಗೆ ಅತ್ಯಂತ ಪ್ರಿಯವಾದ ತಂಡವಿದು, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆ ಪುಟ್ಟ ಮಹಿಳಾ ಕಾಲೇಜಿನ ಕ್ರೀಡಾಂಗಣ 1967ರಲ್ಲಿ ಸುಟ್ಟುಹೋಗಿತ್ತು. ಆದರೂ ತರಬೇತುದಾರ್ತಿ ಕ್ಯಾಥಿ ರಶ್ ಅವರ ಹುಡುಗಿಯರು 1972, 1973, 1974ರಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಮೊದಲ ಟೂರ್ನಿಗೆ ಹೋಗಲು ಹಣ ಸಾಲದೆ ಎಂಟೇ ಆಟಗಾರ್ತಿಯರು ವಿಮಾನ ಹತ್ತಿದರು. ಫೈನಲ್‌ನಲ್ಲಿ ವೆಸ್ಟ್ ಚೆಸ್ಟರ್ ತಂಡವನ್ನು 52-48ರಿಂದ ಮಣಿಸಿದರು. ಅವರ ಪಂದ್ಯಗಳಲ್ಲಿ ಗ್ಯಾಲರಿಯಿಂದ ಸನ್ಯಾಸಿನಿಯರು ಬಕೆಟ್ ಬಡಿದು ಹುರಿದುಂಬಿಸುತ್ತಿದ್ದರು!

ಅವರು ಹಿಂದೆ ಬಿದ್ದದ್ದು ಆಟ ಮರೆತಿದ್ದರಿಂದಲ್ಲ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 'ಟೈಟಲ್ ನೈನ್' ಕಾನೂನು 1972ರಲ್ಲಿ ಬಂತು, ಮರುವರ್ಷ ಆಟಗಾರ್ತಿಯರಿಗೆ ಕ್ರೀಡಾ ವಿದ್ಯಾರ್ಥಿವೇತನ ಕೊಡುವುದರ ಮೇಲಿನ ನಿರ್ಬಂಧವೂ ಸಡಿಲವಾಯಿತು. ದೊಡ್ಡ ವಿಶ್ವವಿದ್ಯಾಲಯಗಳು ಹಣ ಸುರಿಯತೊಡಗಿದವು. ಹೆಣ್ಣುಮಕ್ಕಳ ಆಟಕ್ಕೆ ಅದು ಒಳ್ಳೆಯದೇ, ಆದರೆ ಸಣ್ಣ ಕಾಲೇಜುಗಳು ಅದಕ್ಕೆ ಬೆಲೆ ತೆತ್ತವು. 1975 ಮತ್ತು 1976ರ ಫೈನಲ್‌ಗಳಲ್ಲಿ ತಾರಾ ಆಟಗಾರ್ತಿ ಲೂಸಿಯಾ ಹ್ಯಾರಿಸ್ ಇದ್ದ ಡೆಲ್ಟಾ ಸ್ಟೇಟ್ ವಿಶ್ವವಿದ್ಯಾಲಯದ ಎದುರು ಇಮ್ಯಾಕ್ಯುಲೇಟಾ ಸೋತಿತು.

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮೂರು ಡಿವಿಷನ್‌ಗಳಿವೆ; ಈಗ ಇಮ್ಯಾಕ್ಯುಲೇಟಾ ಮೂರನೇ ಡಿವಿಷನ್‌ನಲ್ಲಿದೆ. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಹಾಗಾಗಿ ಮೊದಲ ಡಿವಿಷನ್ ಪ್ರಶಸ್ತಿಯ ಆಸೆ ಬಿಡಿ. ತನ್ನ ಸಮಬಲದ ಕಾಲೇಜುಗಳ ನಡುವೆ ಲೀಗ್ ಗೆದ್ದು ಮೂರನೇ ಡಿವಿಷನ್ನಿನ ರಾಷ್ಟ್ರೀಯ ಟೂರ್ನಿಗೆ ಹೋಗುವುದು ಮಾತ್ರ ಕೈಗೆಟುಕುವ ಗುರಿ. ನಿಮ್ಮ ನಿರೀಕ್ಷೆಯನ್ನು ಅಲ್ಲಿಡಿ.