ಅಫರ್ವಟ್ಟೋ ಶಾಮೊನಿಯೋ ಎನ್ನುವ ಮೊದಲು ಆ ಡಿಸೆಂಬರ್ ಪ್ರಯಾಣ ಕೈಬಿಡಿ

ನೀವು ಗಂಗಾವತಿಯವರು, ಮನಾಲಿ ಬಳಿಯ ಸೋಲಾಂಗ್ ಕಣಿವೆಯಲ್ಲಿ ಎರಡು ಸಲ ಸ್ಕೀಯಿಂಗ್ ಮಾಡಿದ್ದೀರಿ, ಅಲ್ಲಿನ ಇಳಿಜಾರು ಈಗ ಸಪ್ಪೆ ಅನಿಸುತ್ತಿದೆ. ಡಿಸೆಂಬರ್ ಕೊನೆಗೆ ಹತ್ತು ದಿನ ರಜೆ ಸಿಕ್ಕಿದೆ, ಗುಲ್ಮಾರ್ಗ್‌ನ ಅಫರ್ವಟ್ ಬೆಟ್ಟಕ್ಕೆ ಹೋಗಲೋ, ಸಾಲ ಮಾಡಿಯಾದರೂ ಫ್ರಾನ್ಸಿನ ಶಾಮೊನಿಗೆ ಹೋಗಲೋ ಎಂದು ಕೇಳಿದ್ದೀರಿ. ನಾನು ರಾಯಚೂರಿನವನು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಕೈ ತಾನಾಗಿ ಎಡ ಮೊಣಕಾಲಿನ ಮೇಲೆ ಹೋಯಿತು.

ಉತ್ತರಾಖಂಡದ ಔಲಿಯಲ್ಲಿ ಏಳು ದಿನದ ಸ್ಕೀ ತರಬೇತಿ ಮುಗಿಸಿದಾಗ ನನಗೂ ನಿಮ್ಮ ಹಾಗೆಯೇ ಅನಿಸಿತ್ತು. ಅದು ಫೆಬ್ರುವರಿ. ಯಂತ್ರದಿಂದ ಒತ್ತಿ ಸಮ ಮಾಡಿದ ಹಿಮ. ಕೊನೆಯ ದಿನ ಮೇಲಿಂದ ಕೆಳಗಿನವರೆಗೆ ಒಂದು ಸಲವೂ ಬೀಳದೆ ಇಳಿದಿದ್ದೆ. ಆ ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ಮಾಳಿಗೆ ಕಾದು ಮಲಗಲಾಗದ ರಾತ್ರಿಗಳಲ್ಲಿ ಗುಲ್ಮಾರ್ಗ್‌ನ ವಿಡಿಯೋಗಳನ್ನು ನೋಡುತ್ತಿದ್ದೆ. ಅಲ್ಲಿನ ಗೊಂಡೊಲಾದ, ಅಂದರೆ ತಂತಿ ಮೇಲೆ ಸಾಗುವ ಕೇಬಲ್ ಕಾರಿನ, ಮೊದಲ ಹಂತ ಕೊಂಗ್‌ಡೋರಿಗೆ ಏರುತ್ತದೆ. ಎರಡನೆಯದು ಅಫರ್ವಟ್‌ನ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಅಲ್ಲಿಂದ ಕೆಳಗೆ ಯಂತ್ರ ಮುಟ್ಟದ ಹಿಮ. ಅಲ್ಲಿ ಇಳಿಯದಿದ್ದರೆ ಕಲಿತದ್ದೆಲ್ಲ ವ್ಯರ್ಥ ಎಂದು ನನಗೆ ನಾನೇ ಹೇಳಿಕೊಂಡೆ.

ನನ್ನ ಬಳಿ ಏಳು ದಿನ ಸಾಂದರ್ಭಿಕ ರಜೆ ಉಳಿದಿತ್ತು. ಡಿಸೆಂಬರ್ 31 ದಾಟಿದರೆ ಅದು ಹೋಯಿತು ಎಂದೇ ಲೆಕ್ಕ. ಸೆಪ್ಟೆಂಬರಿನಲ್ಲೇ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ, ಅಲ್ಲಿಂದ ವಿಮಾನದಲ್ಲಿ ಶ್ರೀನಗರಕ್ಕೆ ಟಿಕೆಟ್ ಮಾಡಿಸಿದೆ. ವಸತಿಗೆ ಪೂರ್ತಿ ಹಣ ಕಟ್ಟಿದೆ. ಹಿಂದಿರುಗಿಸುವುದಿಲ್ಲ ಎಂಬ ಷರತ್ತಿಗೆ ಒಪ್ಪಿದ್ದರಿಂದ ಸ್ವಲ್ಪ ಅಗ್ಗವಾಗಿ ಸಿಕ್ಕಿತು.

ಇಲ್ಲಿಂದ ಮುಂದಿನದನ್ನು ಸಾವಕಾಶವಾಗಿ ಓದಿ. ನನಗೆ ಒಂಬತ್ತು ತಿಂಗಳ ನಡಿಗೆ ತಪ್ಪಿಸಿದ್ದು ಇದೊಂದೇ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳಿಗೆ ಚಿಲ್ಲೈ ಕಲಾನ್ ಎಂಬ ಹೆಸರಿದೆ. ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರಿರುವ ಹಾಗೆ, ಅಲ್ಲಿ ಕಡು ಚಳಿಗೆ ಆ ಹೆಸರು. ನಾನು ಅದನ್ನು ಎಲ್ಲೋ ಓದಿ, ಚಳಿಯ ತುತ್ತತುದಿಯಲ್ಲಿ ಹೋಗುತ್ತಿದ್ದೇನೆ, ಹಿಮವೂ ತುಂಬಿರುತ್ತದೆ ಎಂದುಕೊಂಡೆ. ಚಳಿ ಬೇರೆ, ಹಿಮ ಬೇರೆ. ಅಲ್ಲಿ ಹಿಮ ಬೀಳುವುದು ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ಮಾರುತಗಳಿಂದ. ಹವಾಮಾನ ಇಲಾಖೆ ಅವನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತದೆ. ಅವು ಬಂದರೆ ಹಿಮ, ಬಾರದಿದ್ದರೆ ಬರೀ ಒಣ ಚಳಿ. ಒಂದೆರಡು ಬಂದು ಹೋದರೆ ನೆಲ ಬೆಳ್ಳಗಾಗುತ್ತದೆ, ಅಷ್ಟೆ. ಬಂಡೆ, ಪೊದೆ, ಕಡಿದ ಮರದ ಬುಡ ಎಲ್ಲವೂ ಹಾಗೆಯೇ ಇರುತ್ತವೆ, ಅವುಗಳ ಮೇಲೊಂದು ಬಿಳಿ ಪದರ ಕೂತಿರುತ್ತದೆ. ಹಿಮದ ಮೇಲೆ ಹಿಮ ಬಿದ್ದು, ಕುಸಿದು, ಗಟ್ಟಿಯಾಗಿ ತಳ ಕಟ್ಟಿಕೊಳ್ಳಲು ವಾರಗಳೇ ಬೇಕು. ಬಹುತೇಕ ವರ್ಷಗಳಲ್ಲಿ ಜನವರಿಯ ಅರ್ಧ ಕಳೆಯುವ ತನಕ ಆ ತಳವನ್ನು ನಂಬಲಾಗದು.

ಹೊರಡುವ ಹಿಂದಿನ ದಿನ ವಸತಿಯವರಿಗೆ ಫೋನ್ ಮಾಡಿ, ಹಿಮ ಇದೆಯೇ ಎಂದು ಕೇಳಿದೆ. ಇದೆ ಎಂದರು. ಅವರು ಸುಳ್ಳು ಹೇಳಲಿಲ್ಲ. ಎಷ್ಟಿದೆ ಎಂದು ನಾನು ಕೇಳಲೇ ಇಲ್ಲ. ಅದರ ಕೆಳಗೆ ಏನಿದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಹಣ ಕಟ್ಟಿಯಾಗಿತ್ತಲ್ಲ, ನನಗೆ ಬೇಕಿದ್ದದ್ದು ಇದೆ ಎಂಬ ಒಂದು ಮಾತು ಮಾತ್ರ.

ಗುಲ್ಮಾರ್ಗ್ ತಲುಪಿದ ಮೂರನೆಯ ದಿನ ಎರಡನೇ ಹಂತ ತೆರೆದಿತ್ತು. ಮೇಲೆ ಮೊದಲ ಮೂರು ತಿರುವು ಚೆನ್ನಾಗಿಯೇ ಬಂದವು. ನಾಲ್ಕನೆಯದರಲ್ಲಿ ಎಡ ಸ್ಕೀಯ ಕೆಳಗೆ ಕಲ್ಲು ಉಜ್ಜಿದ ಸದ್ದು ಕೇಳಿತು. ಕಲ್ಲೆಂದರೆ ನಮಗೆ ಹೊಸದೇ? ರಾಯಚೂರಿನ ಕೋಟೆ ಗುಡ್ಡದ ಬಂಡೆಗಳ ಮೇಲೆ ಆಡಿ ಬೆಳೆದವನು ನಾನು. ಆ ಸದ್ದು ಏನೆಂದು ತಕ್ಷಣ ತಿಳಿಯಿತು, ಆದರೆ ಸ್ಕೀ ಅಲ್ಲಿಯೇ ಸಿಕ್ಕಿಕೊಂಡು ನಿಂತಿತು, ಮೈ ಮುಂದೆ ಹೋಯಿತು, ಮೊಣಕಾಲು ಅವೆರಡರ ನಡುವೆ ತಿರುಚಿಕೊಂಡಿತು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕಳಚಲಿಲ್ಲ, ನಿಧಾನವಾಗಿ ತಿರುಚಿ ಬಿದ್ದಾಗ ಎಷ್ಟೋ ಸಲ ಅದು ಕಳಚುವುದಿಲ್ಲ. ಗಸ್ತಿನವರು ಜಾರುಬಂಡಿಯಲ್ಲಿ ಕಟ್ಟಿಕೊಂಡು ಕೆಳಗೆ ತಂದರು. ಲಿಗಮೆಂಟ್ ಹರಿದಿತ್ತು. ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಒಂಬತ್ತು ತಿಂಗಳು ವ್ಯಾಯಾಮ.

ಅಪ್ಪ ಮಸ್ಕಿ ಕಡೆಯ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುವವರು. ಹಿಮವನ್ನು ಕಣ್ಣಿಂದ ಕಂಡವರಲ್ಲ. ನಾನು ಮಂಚದ ಮೇಲೆ ಕಾಲು ಚಾಚಿಕೊಂಡು ನಡೆದದ್ದನ್ನೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: "ತಮ್ಮಾ, ಮಳೆ ಬಂತೇ ಎಂದು ಕೇಳಿ ಯಾರಾದರೂ ಕೂರಿಗೆ ಹೂಡುತ್ತಾರೆಯೇ? ಹಸಿ ಎಷ್ಟು ಇಳಿದಿದೆ ಎಂದು ಅಗೆದು ನೋಡಬೇಕಲ್ಲವೇ?"

ಹೀಗಾಗಿ ಅಫರ್ವಟ್ಟೋ ಶಾಮೊನಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರಜೆಯ ದಿನಗಳನ್ನು ಮೊದಲು ಗೂಟಕ್ಕೆ ಕಟ್ಟಿ, ಆಮೇಲೆ ಬೆಟ್ಟ ಹುಡುಕುತ್ತಿದ್ದೀರಿ. ಡಿಸೆಂಬರ್ ಕೊನೆಯಲ್ಲಿ ಎರಡೂ ಬೇಡ. 2024ರ ಜನವರಿಯನ್ನು ನೆನಪಿಸಿಕೊಳ್ಳಿ. ತಿಂಗಳ ಮೊದಲರ್ಧದಲ್ಲಿ ಗುಲ್ಮಾರ್ಗ್‌ನ ಬಯಲು ಕಂದು ಬಣ್ಣದಲ್ಲಿ ಬರಿದಾಗಿ ಬಿದ್ದಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಹಿಮ ಬಿದ್ದದ್ದು ಆ ತಿಂಗಳ ಕೊನೆಗೆ. ಶಾಮೊನಿಯ ಹೆಸರಾಂತ ವ್ಯಾಲಿ ಬ್ಲಾಂಶ್ ಹಾದಿಯದೂ ಇದೇ ಕಥೆ. 3,842 ಮೀಟರ್ ಎತ್ತರದ ಎಗ್ವಿ ದ್ಯು ಮಿದಿ ಶಿಖರದಿಂದ ಹಿಮನದಿಯ ಮೇಲೆ ಸುಮಾರು 20 ಕಿಲೋಮೀಟರ್ ಇಳಿಯುವ ದಾರಿ ಅದು. ಹಿಮನದಿಯಲ್ಲಿ ಆಳವಾದ ಬಿರುಕುಗಳಿರುತ್ತವೆ. ಚಳಿಗಾಲದ ಹಿಮ ಅವುಗಳ ಮೇಲೆ ದಪ್ಪ ಸೇತುವೆಯಂತೆ ಮುಚ್ಚಿಕೊಂಡ ಮೇಲೆ, ಅಂದರೆ ಸಾಮಾನ್ಯವಾಗಿ ಫೆಬ್ರುವರಿಯಿಂದ, ಗೈಡ್ ಜೊತೆಯಲ್ಲಿ ಇಳಿಯುತ್ತಾರೆ. ಡಿಸೆಂಬರಿನಲ್ಲಿ ಆ ಸೇತುವೆ ತೆಳುವಾಗಿರುತ್ತದೆ. ಅಲ್ಲಿ ಕಲ್ಲಿನ ಬದಲು ಬಿರುಕು, ವ್ಯತ್ಯಾಸ ಅಷ್ಟೆ. ಎರಡು ಸಲ ಸೋಲಾಂಗ್‌ನಲ್ಲಿ ಜಾರಿದವರು ಸಾಲ ಮಾಡಿ ಅಲ್ಲಿಗೆ ಹೋಗಬೇಕಾಗಿಯೂ ಇಲ್ಲ.

ಗುಲ್ಮಾರ್ಗ್ ನಿಮಗೆ ಸಾಕು, ಸಾಕಾಗಿ ಉಳಿಯುತ್ತದೆ. ಫೆಬ್ರುವರಿಯ ಮಧ್ಯದಲ್ಲಿ ಹೋಗಿ. ಮಾರ್ಚ್ ಆದರೆ ಮಧ್ಯಾಹ್ನದ ಹೊತ್ತಿಗೆ ಹಿಮ ಒದ್ದೆಯಾಗಿ ಭಾರವಾಗುತ್ತದೆ, ಬೆಳಿಗ್ಗೆ ಬೇಗ ಇಳಿದು ಮುಗಿಸಬೇಕು.

ಆದರೆ ಆಳ ಹಿಮಕ್ಕೂ ಅದರದೇ ಅಪಾಯವಿದೆ. 2023ರ ಫೆಬ್ರುವರಿ 1ರಂದು ಅಫರ್ವಟ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸತ್ತರು. 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಸತ್ತರು. ಋತುವಿನ ಆರಂಭದ ತೆಳು ಹಿಮ ಒಣ ಚಳಿಯಲ್ಲಿ ವಾರಗಟ್ಟಲೆ ಉಳಿದರೆ, ಒಂದಕ್ಕೊಂದು ಅಂಟದ ಸಕ್ಕರೆ ಹರಳಿನಂತಾಗುತ್ತದೆ. ಆಮೇಲೆ ಅದರ ಮೇಲೆ ಮೊಣಕಾಲುದ್ದ ಹೊಸ ಹಿಮ ಬಿದ್ದಾಗ ಮೇಲಿನದೆಲ್ಲ ಒಂದೇ ಹಲಗೆಯಂತೆ ಜಾರಿ ಬರುತ್ತದೆ. ಜನರು ಜಾರಲು ಇಷ್ಟಪಡುವ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಅದು ಹೆಚ್ಚು. ಹೂತುಹೋದವರನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ಬೇಗ ಕುಸಿಯುತ್ತದೆ. ಹೂತವರನ್ನು ಸಂಕೇತದಿಂದ ಪತ್ತೆಹಚ್ಚುವ ಟ್ರಾನ್ಸೀವರ್, ಶೋಧದ ಕೋಲು, ಸಲಿಕೆ ಈ ಮೂರೂ ನಿಮ್ಮ ಬಳಿಯೂ ಜೊತೆಗಾರನ ಬಳಿಯೂ ಇರಬೇಕು, ಬಳಸಲು ಇಬ್ಬರಿಗೂ ಬರಬೇಕು. ಸ್ಥಳೀಯ ಗೈಡ್ ಇಲ್ಲದೆ ಗೊಂಡೊಲಾದ ಎರಡನೇ ಹಂತ ಹತ್ತಬೇಡಿ. ಈ ವಿಷಯದಲ್ಲಿ ನನ್ನೊಡನೆ ಯಾರು ವಾದಿಸಿದರೂ ನಾನು ಬಗ್ಗುವುದಿಲ್ಲ.

ಎರಡು ವರ್ಷದ ನಂತರ ನಾನು ಮತ್ತೆ ಹೋದೆ. ಈ ಸಲ ಗಳಿಕೆ ರಜೆ ತೆಗೆದುಕೊಂಡೆ. ಫೆಬ್ರುವರಿಯಲ್ಲಿ ಹತ್ತು ದಿನ ಬೇಕು, ತಾರೀಕು ಆಮೇಲೆ ಹೇಳುತ್ತೇನೆ ಎಂದು ಮೇಲಧಿಕಾರಿಗಳಲ್ಲಿ ಕೇಳಿಕೊಂಡಾಗ ಅವರಿಗೆ ಅಚ್ಚರಿಯಾಯಿತು, ಆದರೆ ಒಪ್ಪಿದರು. ಎರಡು ದೊಡ್ಡ ಹಿಮಪಾತ ಆಗುವ ತನಕ ಟಿಕೆಟ್ ಮುಟ್ಟಲಿಲ್ಲ. ಕೊನೆಗಳಿಗೆಯ ವಿಮಾನಕ್ಕೆ ಆರು ಸಾವಿರ ಹೆಚ್ಚಾಯಿತು. ಅದನ್ನು ನಾನು ಖರ್ಚಿಗೆ ಸೇರಿಸುವುದೇ ಇಲ್ಲ. ಅಲ್ಲಿ ಎರಡು ದಿನ ಗಾಳಿಗೆ ಎರಡನೇ ಹಂತ ಮುಚ್ಚಿತ್ತು. ಕೆಳಗಿನ ಇಳಿಜಾರಿನಲ್ಲೇ ತಿರುವು ತಿದ್ದಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅಪ್ಪ ಫೋನ್ ಮಾಡಿ ಎಷ್ಟು ಆಳ ಎಂದು ಕೇಳಿದರು. ಎರಡಾಳು ನಿಂತರೂ ಕಾಣದಷ್ಟು ಎಂದು ಗೈಡ್ ಹೇಳಿದ್ದನ್ನೇ ಹೇಳಿದೆ. "ಹಾಗಾದರೆ ಹೂಡು" ಎಂದರು. ಆ ದಿನ ಇಳಿದದ್ದನ್ನು ಬರೆಯಲು ಹೋದರೆ ಈ ಉತ್ತರ ಮುಗಿಯುವುದಿಲ್ಲ. ಇಷ್ಟು ಹೇಳಬಲ್ಲೆ: ಕಾಲಡಿಯಲ್ಲಿ ಸದ್ದೇ ಇರಲಿಲ್ಲ.

ನಿಮ್ಮ ಡಿಸೆಂಬರಿನ ಹತ್ತು ದಿನ ಹಾಳಾಗಬೇಕಿಲ್ಲ. ಅಂಜನಾದ್ರಿ ನಿಮ್ಮ ಊರಿನಿಂದ ಎಷ್ಟು ದೂರ? ಬೆಳಗಿನ ಜಾವ ಆ 575 ಮೆಟ್ಟಿಲು ಹತ್ತಿ. ಇಳಿಯುವಾಗ ಮೊಣಕಾಲು ಮಡಿಸಿ, ಕೈ ಆಸರೆ ಇಲ್ಲದೆ, ನಿಧಾನವಾಗಿ ಇಳಿಯಿರಿ. ಸ್ಕೀಯಿಂಗ್‌ನಲ್ಲಿ ಸೋಲುವುದು ಇಳಿಯುವಾಗ ಮೈಭಾರ ತಡೆಯುವ ತೊಡೆಗಳೇ. ಮೊದಲ ದಿನ ಎರಡು ಸಲ, ಹತ್ತನೆಯ ದಿನದ ಹೊತ್ತಿಗೆ ನಾಲ್ಕು ಸಲ ಆಗಲಿ. ಫೆಬ್ರುವರಿಗೆ ರಜೆ ಅರ್ಜಿಯನ್ನು ಈ ವಾರವೇ ಕೊಡಿ, ತಾರೀಕಿನ ಜಾಗ ಖಾಲಿ ಬಿಟ್ಟು.