"ಅಲಾರಾಂ ಹೊಡದ್ರ ಹೊಟ್ಟ್ಯಾಗ ಕಸಿವಿಸಿ": ವ್ಯಾಯಾಮದ ಹುರುಪು ಕಳೆದುಕೊಂಡವರ ಒಂದು ಪ್ರಕರಣ

ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ಕೆಲವು ವಿವರ ಬದಲಿಸಲಾಗಿದೆ.

37 ವರ್ಷದ ಮಹಿಳೆ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ, ದಿನಾ ಚಿಗರಿ ಬಸ್ಸಿನ ಓಡಾಟ. ತಮ್ಮನ ಮದುವೆಗೆಂದು ಎಂಟು ತಿಂಗಳು ಬಿಡದೆ ಜಿಮ್ಮಿಗೆ ಹೋಗಿ 7 ಕಿಲೊ ಇಳಿಸಿದ್ದರು. ಮದುವೆ ಮುಗಿದ ಮೇಲೆ ಒಂದು ದಿನ ತಪ್ಪಿತು, ಆಮೇಲೆ ವಾರ ತಪ್ಪಿತು, ಕೊನೆಗೆ ನಿಂತೇ ಹೋಯಿತು. ವರ್ಷದ ಫೀ ಮಾತ್ರ ಮೊದಲೇ ಕಟ್ಟಿಯಾಗಿತ್ತು. "ನಾ ಮೊದಲ ಹಿಂಗ ಆಳಸಿ ಇದ್ದಿಲ್ರಿ ಮೇಡಂ. ಈಗ ಅಲಾರಾಂ ಹೊಡದ್ರ ಸಾಕು, ಹೊಟ್ಟ್ಯಾಗ ಕಸಿವಿಸಿ ಆಗ್ತೈತ್ರಿ. ಏನರ ಮಾಡಿ ಛಲ ಬರಂಗ ಮಾಡ್ರಿ" ಎಂದು ಸಲಹೆ ಕೇಳಲು ಬಂದರು.

ಛಲದ ಮಾತು ಆಮೇಲೆ. ಮೊದಲು ನೋಡಬೇಕಾದದ್ದು, ಆಸಕ್ತಿ ಹೋಗಿರುವುದು ವ್ಯಾಯಾಮದಲ್ಲಿ ಮಾತ್ರವೋ, ಎಲ್ಲದರಲ್ಲೋ ಎಂಬುದನ್ನು. ಇವರಿಗೆ ಊಟ ರುಚಿಸುತ್ತಿತ್ತು, ಅಕ್ಕನ ಜೊತೆ ಫೋನಿನ ಹರಟೆ ಬೇಕಿತ್ತು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9ರಲ್ಲಿ 6 ಅಂಕ ಬಂತು. 10 ಅಥವಾ ಹೆಚ್ಚು ಬಂದಿದ್ದರೆ ಮನೋವೈದ್ಯರ ಬಳಿ ಕಳಿಸಬೇಕಾಗುತ್ತಿತ್ತು. ಮನೆಯ ಡಾಕ್ಟರಿಂದ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ 10.4. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಲ್ಲಿ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ತೇಕು ಬರುವವರಿಗೆ ಯಾವ ಸ್ಫೂರ್ತಿಯ ಮಾತೂ ಕೆಲಸ ಮಾಡುವುದಿಲ್ಲ. ಡಾಕ್ಟರು ಕಬ್ಬಿಣದ ಗುಳಿಗೆ ಬರೆದರು. ಅದನ್ನು ಇವರು ಚಹಾದ ಜೊತೆ ನುಂಗುತ್ತಿದ್ದರು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಎರಡರ ನಡುವೆ ಒಂದೆರಡು ತಾಸು ಬಿಡಬೇಕು.

ಇನ್ನೊಂದು, ನಿದ್ದೆ. ಮಲಗುವಾಗ ರಾತ್ರಿ 12, ಜಿಮ್ಮಿನ 5.30ರ ಕ್ಲಾಸಿಗೆ ಏಳುವುದು 5ಕ್ಕೆ.

ಎರಡು ವಾರ ಒಂದು ಚೀಟಿ ಬರೆಯಲು ಹೇಳಲಾಯಿತು. ಹಾರ್ಡಿ ಮತ್ತು ರೆಜೆಸ್ಕಿ 1989ರಲ್ಲಿ ಪ್ರಕಟಿಸಿದ ಅಳತೆ ಇದು: ತೀರಾ ಅಹಿತವಾದರೆ −5, ತುಂಬ ಹಿತವಾದರೆ +5. ವ್ಯಾಯಾಮಕ್ಕೆ ಮುಂಚೆ, ನಡುವೆ, ಮುಗಿದಾಗ, ಮೂರು ಸಲ ಅಂಕ ಹಾಕಬೇಕು. ಆ ಎರಡು ವಾರದಲ್ಲಿ ಹೇಗೋ ಮೂರು ಸಲ ಕ್ಲಾಸಿಗೆ ಹೋದರು. ಮೂರೂ ಸಲ ಮುಂಚೆ −2, ನಡುವೆ −4, ಮುಗಿದಾಗ −3 ಆಚೀಚೆ. ಅದೇ ಚೀಟಿಯಲ್ಲಿ ಭಾನುವಾರ ನೆಗೆಣ್ಣಿಯ ಜೊತೆ ಉಣಕಲ್ ಕೆರೆಯ ಸುತ್ತ ನಡೆದದ್ದಕ್ಕೆ +3 ಇತ್ತು. "ಅದೇನ ವ್ಯಾಯಾಮ ಅಲ್ರಿ, ಸುಮ್ನ ತಿರುಗಾಡಿದ್ದು" ಎಂದು ಅದನ್ನು ಹೊಡೆದುಹಾಕಲು ಹೊರಟಿದ್ದರು.

ಪ್ರಕರಣದ ಗಂಟು ಇರುವುದು ಇಲ್ಲೇ. ಕ್ಲಾಸಿನಲ್ಲಿ ಕಠಿಣವಾದದ್ದನ್ನೆಲ್ಲ ಕಡೆಯ ಹತ್ತು ನಿಮಿಷಕ್ಕೆ ಇಡುತ್ತಿದ್ದರು. ಉಸಿರು ಹತ್ತಿ, ಬೈಸಿಕೊಂಡು ಮುಗಿಯುತ್ತಿತ್ತು. ಮಾತಾಡಲಾಗದಷ್ಟು ಏದುಸಿರು ಬರುವ ಹಂತ ದಾಟಿದರೆ ಬಹುತೇಕ ಎಲ್ಲರಿಗೂ ಹಿತ ಕುಸಿಯುತ್ತದೆ, ಮತ್ತು ಮನಸ್ಸಿನಲ್ಲಿ ಹೆಚ್ಚಾಗಿ ಉಳಿಯುವುದು ಕೊನೆಯ ಅನುಭವ. ಬಿಸಿ ಹಂಚು ಮುಟ್ಟಿದ ಕೈ ಹಿಂದೆ ಸರಿದರೆ ಅದನ್ನು ಆಲಸ್ಯ ಎನ್ನುವುದಿಲ್ಲವಲ್ಲ! ಮದುವೆಯ ದಿನಾಂಕ ಇರುವತನಕ ಅದು ಈ ಅಹಿತವನ್ನು ಮೀರಿ ಎಳೆದುಕೊಂಡು ಹೋಯಿತು. ಅದು ಕಳೆದ ಮೇಲೆ ಅಹಿತ ಮಾತ್ರ ಉಳಿಯಿತು.

ಹಾಗಾಗಿ ಸಲಹೆ ಹೀಗೆ ಹೋಯಿತು. ಬೆಳಗಿನ ಕ್ಲಾಸು ಆರು ವಾರ ಪೂರ್ತಿ ಬಂದ್, 6ರವರೆಗೆ ನಿದ್ದೆ. ಸೋಮವಾರ ಮತ್ತು ಶುಕ್ರವಾರ ಸಂಜೆ, ಬಸ್ ಇಳಿದವರು ಮನೆಗೆ ಹೋಗದೆ ನೇರ ಜಿಮ್ಮಿಗೆ. ಬೂಟು, ಬಟ್ಟೆಯ ಚೀಲ ಆಫೀಸಿಗೇ ಒಯ್ಯುವುದು. ಒಮ್ಮೆ ಮನೆ ಹೊಕ್ಕು ಚಪ್ಪಲಿ ಬಿಚ್ಚಿದರೆ ಅಡುಗೆಮನೆ ಬಿಡುವುದಿಲ್ಲ. ಐದು ನಿಮಿಷ ಮೈ ಬಿಸಿ ಮಾಡಿಕೊಂಡು, ಕಷ್ಟದ್ದನ್ನು ಮೊದಲು: ಡಂಬೆಲ್ ಹಿಡಿದು ಬಸ್ಕಿ 8ರಂತೆ ಎರಡು ಸುತ್ತು, ಬಗ್ಗಿ ಡಂಬೆಲ್ ಎಳೆಯುವುದು 8ರಂತೆ ಎರಡು ಸುತ್ತು. "ಇನ್ನೂ ಮೂರು ಹೊಡೀಬಹುದು" ಅನ್ನಿಸುವಾಗಲೇ ನಿಲ್ಲಿಸಬೇಕು. ತೂಕ ಹಳೆಯದರ ಅರ್ಧ. ಬಿಟ್ಟು ಬಂದವರು ಹಳೆಯ ತೂಕವನ್ನೇ ಎತ್ತಿದರೆ ಎರಡನೆಯ ದಿನ ತೊಡೆ ಹಿಡಿದುಕೊಂಡು ಕೂರುವಂತಾಗುತ್ತದೆ. ಮತ್ತೆ ಬಿಡುವವರಲ್ಲಿ ಬಹಳ ಜನ ಬಿಡುವುದು ಅಲ್ಲಿಯೇ. ಕೊನೆಯ ಎಂಟು ನಿಮಿಷ ಇಷ್ಟದ ಹಾಡು ಹಚ್ಚಿಕೊಂಡು ನಿಧಾನ ಸೈಕಲ್. ಈ ಇಳಿಮುಖದ ಕ್ರಮ ಮನಸೋಇಚ್ಛೆ ಹೇಳಿದ್ದಲ್ಲ: ಝೆಂಕೊ, ಎಕ್ಕೆಕಾಕಿಸ್ ಮತ್ತು ಏರಿಯಲಿ 2016ರಲ್ಲಿ ಪ್ರಕಟಿಸಿದ ಸೈಕಲ್ ಪ್ರಯೋಗದಲ್ಲಿ, ಜೋರಿನಿಂದ ನಿಧಾನಕ್ಕೆ ಇಳಿದವರಿಗೆ ವ್ಯಾಯಾಮ ಹಿತವಾಗಿ ನೆನಪುಳಿಯಿತು, ನಿಧಾನದಿಂದ ಜೋರಿಗೆ ಏರಿದವರಿಗೆ ಅಷ್ಟಾಗಿ ಅಲ್ಲ.

ಭಾನುವಾರ ಕೆರೆಯ ನಡಿಗೆ 40 ನಿಮಿಷ. ಮಾತಾಡಬಹುದು, ಹಾಡಲಾಗದು, ಅಷ್ಟು ವೇಗ. ಅದೂ ಲೆಕ್ಕಕ್ಕೇ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಮನೆಯಲ್ಲೇ 12 ನಿಮಿಷ: ಕುರ್ಚಿಯಿಂದ ಎದ್ದು ಕೂರುವುದು 10, ಗೋಡೆಗೆ ಕೈಯೂರಿ ದಂಡ 10, ಇವೆರಡನ್ನೇ ಮತ್ತೆ ಮತ್ತೆ. ಮಳೆಗೆ ಏನು ಮಾಡುವುದೆಂದು ಜೂನಿಗೆ ಮುಂಚೆ ಗೊತ್ತುಮಾಡದಿದ್ದರೆ ಸೆಪ್ಟೆಂಬರ್‌ವರೆಗೆ ರಜೆಯೇ.

ಮನಸ್ಸಿಲ್ಲದ ದಿನ ಹತ್ತು ನಿಮಿಷ ಮಾಡಿ ವಾಪಸು ಬರಬಹುದು. ಈ ರಿಯಾಯಿತಿಯನ್ನು ಜನ ಕೆಡಿಸುವುದು ಒಂದೇ ರೀತಿ: ಹತ್ತು ಎಂದು ಹೋಗಿ ಪ್ರತಿ ಸಲ ನಲವತ್ತು ಮಾಡುತ್ತಾರೆ, ಮುಂದಿನ ಸಲ ಮನಸ್ಸು ಆ ಮಾತನ್ನು ನಂಬುವುದಿಲ್ಲ. ಆದ್ದರಿಂದ ಮೊದಲ ಎರಡು ವಾರದಲ್ಲಿ ಎರಡು ಸಲ ಬೇಕೆಂದೇ ಹತ್ತಕ್ಕೆ ಎದ್ದು ಬರಲು ಹೇಳಲಾಯಿತು. ತೂಕದ ಯಂತ್ರ ಅಟ್ಟಕ್ಕೆ ಹೋಯಿತು. ಕೈಗಡಿಯಾರದ "ಸತತ ಇಷ್ಟು ದಿನ" ಎಂಬ ಎಣಿಕೆಯನ್ನೂ ತೆಗೆಸಲಾಯಿತು; ತಿಂಗಳಿಗೆ 12ರಲ್ಲಿ 8 ಆದರೆ ಪಾಸು.

ಎರಡನೆಯ ಭೇಟಿಗೆ ಮನೆಯವರನ್ನೂ ಕರೆಸಲಾಗಿತ್ತು. "ರೊಕ್ಕಾ ಕಟ್ಟೀವಿ, ಏಳ" ಎಂದು ದಿನಾ ಎಬ್ಬಿಸುತ್ತಿದ್ದವರು ಅವರೇ. ಒತ್ತಾಯದ ಮಾತು ಪೂರ್ತಿ ನಿಲ್ಲಿಸಿ, ಅದರ ಬದಲು ಸೋಮವಾರ ಮತ್ತು ಶುಕ್ರವಾರ ಪಲ್ಲೆ ಹೆಚ್ಚಿ ಕುಕ್ಕರ್ ಇಡುವ ಕೆಲಸ ವಹಿಸಿಕೊಳ್ಳಿ ಎಂದಾಗ ಸ್ವಲ್ಪ ಮುಖ ಸಣ್ಣದಾಯಿತು, ಒಪ್ಪಿದರು. ಹೆಣ್ಣುಮಕ್ಕಳು "ಮನಸ್ಸಿಲ್ಲ" ಎನ್ನುವುದರಲ್ಲಿ ಅರ್ಧಪಾಲು ಬಿಡುವಿಲ್ಲದ್ದೇ ಇರುತ್ತದೆ.

ನಾಲ್ಕನೆಯ ವಾರಕ್ಕೆ ಮುಗಿದಾಗಿನ ಅಂಕ +2ಕ್ಕೆ ಬಂತು. ಆಮೇಲೆ ಪಂಚಮಿಗೆ ತವರಿಗೆ ಹೋಗಿ, ಉಂಡಿ ತಿಂದು, ಜೋಕಾಲಿ ಆಡಿ ಒಂಬತ್ತು ದಿನ ಕಳೆದರು. "ಎಲ್ಲಾ ಹಾಳಾತ್ರಿ" ಎಂದು ಫೋನ್ ಮಾಡಿದಾಗ ಹೇಳಿದ್ದು ಇಷ್ಟೇ: ವಾಪಸಾದ ಮೊದಲ ಸಲ ಒಂದೇ ಸುತ್ತು, ತಪ್ಪಿದ್ದನ್ನು ಸರಿದೂಗಿಸಲು ಹೆಚ್ಚಿಗೆ ಮಾಡಬೇಡಿ.

ಈಗ ಓಣಿಯವರ ಜೊತೆ ಗುರುವಾರ ಶಟಲ್ ಆಡುತ್ತಾರೆ, ಅದು ಅವರೇ ಹುಡುಕಿಕೊಂಡದ್ದು. ತೂಕ ಇಳಿದಿಲ್ಲ. ನಡುವೆ ಎಂದಾದರೂ ಊಟ, ಮಾತು, ಮಕ್ಕಳು, ಯಾವುದರಲ್ಲೂ ಎರಡು ವಾರ ಸತತ ಹಿತ ಕಾಣದಿದ್ದರೆ ವ್ಯಾಯಾಮದ ಚೀಟಿ ಬದಿಗಿಟ್ಟು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬೇಕು, ಇಲ್ಲವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದು ತಿಳಿಸಲಾಗಿದೆ. ಕೊನೆಯ ಭೇಟಿಯಲ್ಲಿ, ಫೀ ಕಟ್ಟಿದ ಬೆಳಗಿನ ಕ್ಲಾಸಿಗೆ ಮತ್ತೆ ಹೋಗಲೇ ಎಂದು ಕೇಳಿದರು. ವಾರಕ್ಕೊಂದರಂತೆ ಮೂರು ಸಲ ಹೋಗಿ, ಮೂರೂ ಸಲ ಮುಗಿದಾಗ ಅಂಕ ಸೊನ್ನೆಗಿಂತ ಕೆಳಗೆ ಬಂದರೆ ರೊಕ್ಕ ಹೋದರೂ ಹೋಗಲಿ, ಬಿಟ್ಟುಬಿಡಿ ಎಂದು ಹೇಳಲಾಯಿತು.